ನಾರು ಸುತ್ತಿ ಗಟ್ಟಿ ಮಾಡಿದ ನೀರಿನ ರಾಕೆಟ್ ಮೇಲೇರದಿದ್ದರೆ: ತಪ್ಪು ಹುಡುಕುವ ಬಗೆ

ಕೊಯ್ಲು ಮುಗಿದ ಮೇಲೆ ಮಂಡ್ಯದ ಹೊರಗೆ, ನಾಲೆ ಪಕ್ಕದ ಗದ್ದೆ ಬಯಲಲ್ಲಿ ನಾನೂ ನನ್ನ ಅಕ್ಕನ ಮಗನೂ ನೀರಿನ ರಾಕೆಟ್ ಹಾರಿಸುತ್ತೇವೆ. ಎರಡು ಲೀಟರಿನ ಸೋಡಾ ಬಾಟಲಿ, ಸೈಕಲ್ ಪಂಪು, ಒಂದಿಷ್ಟು ರಟ್ಟು, ಅಷ್ಟೇ. ಬಾಟಲಿಗೆ ಸ್ವಲ್ಪ ನೀರು ಹಾಕಿ, ಬಾಯಿ ಕೆಳಗೆ ಮಾಡಿ ಗಾಳಿ ಒತ್ತಿ ತುಂಬುತ್ತೇವೆ. ಬಿಟ್ಟಾಗ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲಕ್ಕೆ ಹಾರುತ್ತದೆ. ಏನೂ ಸುತ್ತದ ಬರಿ ಬಾಟಲಿ 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡದಲ್ಲಿ ಸುಮಾರು 6.5 ಸೆಕೆಂಡ್ ಗಾಳಿಯಲ್ಲಿರುತ್ತಿತ್ತು. ಅದನ್ನು ಇನ್ನೂ ಮೇಲೆ ಕಳಿಸಬೇಕು ಅಂತ ಹುಡುಗನಿಗೆ ಆಸೆ. ಒಂದು ವಾರ ಕೂತು ಬಾಟಲಿಗೆ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಸುತ್ತಿ, ಒಣಗಿದರೆ ಗಟ್ಟಿಯಾಗುವ ರೆಸಿನ್ ಅಂಟು ಬಳಿದು ಒಣಗಿಸಿದೆವು. ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಗಟ್ಟಿ. ಹಾರಿಸಿದರೆ 5.5 ಸೆಕೆಂಡಿಗೇ ನೆಲ ಮುಟ್ಟಿತು.

“ಮಾಮ, ಗಟ್ಟಿ ಮಾಡಿದ್ಮೇಲೆ ಜಾಸ್ತಿ ಮೇಲಕ್ಕೆ ಹೋಗ್ಬೇಕಲ್ವಾ?” ಅಂತ ಅವನು ಕೇಳಿದ. ಇದೇ ಪ್ರಶ್ನೆ ಇಟ್ಟುಕೊಂಡು ನಾವು ಒಂದೊಂದೇ ತಪ್ಪು ಹುಡುಕಿದೆವು. ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ರಾಕೆಟ್ಟಿನಲ್ಲೂ ಇದೇ ತೊಂದರೆ ಇದ್ದರೆ ಇದೇ ಸಾಲಿನಲ್ಲಿ ನೋಡುತ್ತಾ ಬನ್ನಿ.

ಮೊದಲೇ ಒಂದು ಮಾತು. ಬಾಟಲಿಯನ್ನು ಗಟ್ಟಿ ಮಾಡಿದ್ದರಿಂದಲೇ ರಾಕೆಟ್ ಒಂದು ಅಡಿ ಕೂಡ ಹೆಚ್ಚು ಏರುವುದಿಲ್ಲ. ಗಟ್ಟಿ ಬಾಟಲಿ ಜಾಸ್ತಿ ಒತ್ತಡ ತಡೆಯುತ್ತದೆ. ಆ ಜಾಸ್ತಿ ಒತ್ತಡ ರಾಕೆಟ್ಟನ್ನು ಏರಿಸುತ್ತದೆ. ಹಳೇ 60 ಪಿಎಸ್‌ಐಗೇ ಬಿಟ್ಟರೆ ನಾವು ಸೇರಿಸಿದ್ದು ಬರೀ ಭಾರ. ನಮ್ಮ ಮೊದಲ ತಪ್ಪು ಇದೇ ಆಗಿತ್ತು.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೈನ್ಯ ಬಳಸಿದ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. ಅದಕ್ಕೂ ಮುಂಚೆ ಬೇರೆ ಕಡೆ ಕಾಗದದ ಕೊಳವೆ, ಬಿದಿರು ಬಳಕೆಯಲ್ಲಿದ್ದವು. ಕಬ್ಬಿಣ ಕಾಗದಕ್ಕಿಂತ ಎಷ್ಟೋ ಭಾರ. ಆದರೂ ಮೈಸೂರಿನ ರಾಕೆಟ್ ಹೆಚ್ಚು ದೂರ ಹೋಗುತ್ತಿತ್ತು. ಕಬ್ಬಿಣದೊಳಗೆ ಮದ್ದನ್ನು ಒತ್ತಿ ತುಂಬಬಹುದಿತ್ತು, ಅದು ಉರಿಯುವಾಗ ಏಳುವ ಒತ್ತಡಕ್ಕೆ ಕೊಳವೆ ಸೀಳುತ್ತಿರಲಿಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರಿಗೆ ಇದರ ಬಿಸಿ ತಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಅಲ್ಲಿನ ರಾಕೆಟ್ಟುಗಳನ್ನು ತಮ್ಮ ದೇಶಕ್ಕೆ ಸಾಗಿಸಿದರು. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಅದಾದ ಮೇಲೆ. ಮೈಸೂರಿನ ಕುಶಲಕರ್ಮಿಗಳು ಕಬ್ಬಿಣದ ಭಾರವನ್ನು ಹೊತ್ತಿದ್ದು ಒತ್ತಡಕ್ಕೋಸ್ಕರ. ನಮ್ಮ ಬಾಟಲಿಯ ಲೆಕ್ಕವೂ ಅದೇ.

ಅಳತೆ ಮೊದಲು, ಊಹೆ ಆಮೇಲೆ

ಮೂರು ವಸ್ತು ಬೇಕು: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೈಲರ್ ಟೇಪು, ಮೊಬೈಲಿನ ಸ್ಟಾಪ್‌ವಾಚ್.

ಎತ್ತರದ ಅಂದಾಜಿಗೆ ಸುಲಭ ದಾರಿ ಇದೆ. ರಾಕೆಟ್ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.2ರಿಂದ ಗುಣಿಸಿ. ಮೀಟರ್ ಲೆಕ್ಕ ಬರುತ್ತದೆ. 6.5 ಸೆಕೆಂಡಿಗೆ ಸುಮಾರು 50 ಮೀಟರ್, 5.5 ಸೆಕೆಂಡಿಗೆ ಸುಮಾರು 36. ಗಾಳಿಯ ತಡೆ ಈ ಲೆಕ್ಕದಲ್ಲಿ ಇಲ್ಲ. ಆದ್ದರಿಂದ ಇದು ಒಂದು ಹಾರಾಟವನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕೆ ಮಾತ್ರ. ಪ್ಯಾರಾಚೂಟ್ ಕಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ 30 ಮೀಟರ್ ದೂರದಲ್ಲಿ ನಿಂತು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ ಕೋನ ನೋಡಿ. 45 ಡಿಗ್ರಿ ಬಂದರೆ ನಿಮ್ಮ ಕಣ್ಣಿನ ಮಟ್ಟದಿಂದ 30 ಮೀಟರ್, 60 ಡಿಗ್ರಿ ಬಂದರೆ 52 ಮೀಟರ್.

ಒಂದೇ ಹಾರಾಟ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಒತ್ತಡ, ಒಂದೇ ನೀರು ಇಟ್ಟು ಮೂರು ಸಲ ಹಾರಿಸಿ. ಮಧ್ಯದ ಸಂಖ್ಯೆಯನ್ನು ತೆಗೆದುಕೊಳ್ಳಿ. ಆಷಾಢದ ಗಾಳಿಯಲ್ಲಂತೂ ಈ ಕೆಲಸ ಬೇಡ, ಆ ತಿಂಗಳು ಗಾಳಿಪಟಕ್ಕೇ ಇರಲಿ.

ಗೇಜನ್ನೂ ಅನುಮಾನದಿಂದ ನೋಡಿ. ಪಂಪಿನ ಮೇಲಿನ ಗೇಜು ಪಂಪಿನ ಒಳಗಿನ ಒತ್ತಡ ತೋರಿಸುತ್ತದೆ. ನಡುವೆ ಟ್ಯೂಬಿನ ವಾಲ್ವ್ ಇದ್ದರೆ ಬಾಟಲಿಯೊಳಗೆ ಅದಕ್ಕಿಂತ ಕಡಿಮೆ ಇರಬಹುದು. ವಾಲ್ವ್ ದಾಟಿದ ಮೇಲೆ, ಲಾಂಚರ್ (ಬಾಟಲಿಯನ್ನು ಹಿಡಿದಿಟ್ಟು ಹಾರಿಸುವ ಸ್ಟ್ಯಾಂಡು) ಕಡೆಗೆ ಒಂದು ಗೇಜು ಕೂಡಿಸಿದರೆ ಈ ಗೊಂದಲ ಹೋಗುತ್ತದೆ.

ಭಾರವೇ ಕಾರಣವಾ?

ಇದನ್ನು ಪತ್ತೆ ಮಾಡಲು ಒಂದು ಸರಳ ಪರೀಕ್ಷೆ ಇದೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಇದೇ. ನಾರು ಸುತ್ತಿದ ಮೇಲೆ ಬಾಟಲಿಯ ತೂಕ ಎಷ್ಟು ಏರಿತು ನೋಡಿ. ಅಷ್ಟೇ ತೂಕದ ಜೇಡಿಮಣ್ಣನ್ನು ಒಂದು ಬರಿ ಬಾಟಲಿ ರಾಕೆಟ್ಟಿನ ಮೇಲ್ತುದಿಯ ಮೂತಿಯೊಳಗೆ ಒತ್ತಿ, 60 ಪಿಎಸ್‌ಐಗೆ ಹಾರಿಸಿ. ಮಣ್ಣು ಹೊತ್ತ ರಾಕೆಟ್ಟೂ ಅಷ್ಟೇ ಕೆಳಗೆ ಉಳಿದರೆ ತಪ್ಪು ಭಾರದ್ದು. ಅದು ನಾರಿನ ರಾಕೆಟ್ಟಿಗಿಂತ ಚೆನ್ನಾಗಿ ಏರಿದರೆ ತಪ್ಪು ಬೇರೆ ಕಡೆ ಇದೆ: ಸೋರಿಕೆ, ಒರಟು ಮೈ, ವಾಲಿದ ರೆಕ್ಕೆ, ಇಲ್ಲವೇ ತೂಕ ಹಿಂದಕ್ಕೆ ಸರಿದಿರುವುದು.

ನಮ್ಮ ರಾಕೆಟ್ಟಿನಲ್ಲಿ ತಪ್ಪು ಭಾರದ್ದೇ. ರೆಕ್ಕೆ, ಮೂತಿ ಎಲ್ಲ ಸೇರಿ 120 ಗ್ರಾಂ ಇದ್ದದ್ದು 210 ಗ್ರಾಂ ಆಗಿತ್ತು. ಮ್ಯಾಟಿನ ತೂಕ 30 ಗ್ರಾಂ. ಉಳಿದ 60 ಗ್ರಾಂ ಬರೀ ರೆಸಿನ್. ಎಳೆತವನ್ನು ತಡೆಯುವುದು ಗಾಜಿನ ನಾರು. ರೆಸಿನ್ ಕೆಲಸ ನಾರನ್ನು ಹಿಡಿದಿಡುವುದು ಅಷ್ಟೇ. ಅಂಗಡಿಯಲ್ಲಿ ನೀರಿನ ಟ್ಯಾಂಕು, ಕಾರಿನ ಬಂಪರ್ ರಿಪೇರಿಗೆ ಅಂತ ಕೊಡುವ ಮ್ಯಾಟಿನಲ್ಲಿ ತುಂಡು ತುಂಡು ನಾರು ಅಡ್ಡಾದಿಡ್ಡಿ ಬಿದ್ದಿರುತ್ತದೆ. ಅದು ತನ್ನ ತೂಕದ ಎರಡರಷ್ಟು ರೆಸಿನ್ ಕುಡಿಯುತ್ತದೆ. ನೇಯ್ದ ಗ್ಲಾಸ್ ಫೈಬರ್ ಬಟ್ಟೆ ಕೇಳಿ ತನ್ನಿ. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆಯಾದರೆ ಎರಡು ಸುತ್ತಿಗೆ 28 ಗ್ರಾಂ ಆಗುತ್ತದೆ, ರೆಸಿನ್ ಕೂಡ ಹೆಚ್ಚು ಕಡಿಮೆ ಅಷ್ಟೇ ಸಾಕು. ಹಚ್ಚಿದ ಮೇಲೆ ಹಳೇ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಸವರಿ, ಹೆಚ್ಚಾದ ರೆಸಿನ್ ತೆಗೆದುಬಿಡಿ. ಬಟ್ಟೆಯ ನೇಯ್ಗೆ ಕಣ್ಣಿಗೆ ಕಾಣುತ್ತಿರಬೇಕು. ಎರಡನೇ ಬಾಟಲಿಯಲ್ಲಿ ನಾವು ಹೀಗೆ ಮಾಡಿದಾಗ ಸೇರಿದ ಭಾರ 60 ಗ್ರಾಂ ದಾಟಲಿಲ್ಲ.

ಹಾಗಂತ ಭಾರ ಇಳಿಸಿದಷ್ಟೂ ಒಳ್ಳೆಯದು ಅಂತಲ್ಲ. ಥರ್ಮೋಕೋಲ್ ಚೆಂಡನ್ನು ಎಷ್ಟು ಜೋರಾಗಿ ಎಸೆದರೂ ನಾಲ್ಕು ಮಾರು ದೂರದಲ್ಲಿ ಬೀಳುತ್ತದೆ, ಕ್ರಿಕೆಟ್ ಚೆಂಡು ಗಡಿ ದಾಟುತ್ತದೆ ಅಲ್ವಾ? ನೀರು ಖಾಲಿಯಾಗುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಹೊತ್ತು. ಆಮೇಲೆ ರಾಕೆಟ್ ಏರುವುದೆಲ್ಲ ಆಗ ಸಿಕ್ಕಿದ ವೇಗದಿಂದಲೇ. ತೀರಾ ಹಗುರ ಇದ್ದರೆ ಗಾಳಿ ಆ ವೇಗವನ್ನು ಬೇಗ ನುಂಗುತ್ತದೆ. ಒತ್ತಡ ಏರಿಸಿದಾಗ ಒಂದಿಷ್ಟು ಭಾರ ತೊಂದರೆ ಕೊಡದೇ ಇರುವುದಕ್ಕೆ ಇದೂ ಒಂದು ಕಾರಣ.

ಬಾಟಲಿ ಎಲ್ಲಿ ಸೀಳಿತು ನೋಡಿ

ಒಡೆದ ಬಾಟಲಿಯನ್ನು ಎಸೆಯಬೇಡಿ. ಏನು ತಪ್ಪಾಯಿತು ಅನ್ನುವುದು ಅದರ ಮೇಲೇ ಇರುತ್ತದೆ.

ಉದ್ದಕ್ಕೆ, ಬಾಯಿಯಿಂದ ಬುಡದ ಕಡೆಗೆ ಸೀಳಿದ್ದರೆ ಗೋಡೆ ಸೋತಿದೆ ಅಂತ. ಉರುಳೆಯಾಕಾರದ ಯಾವ ಪಾತ್ರೆಯಲ್ಲೂ ಸುತ್ತಲೂ ಎಳೆಯುವ ಬಲ, ಉದ್ದಕ್ಕೆ ಎಳೆಯುವ ಬಲದ ಎರಡರಷ್ಟು ಇರುತ್ತದೆ. ಹಾಗಾಗಿ ಬರಿ ಬಾಟಲಿಯ ಗೋಡೆ ಸಾಮಾನ್ಯವಾಗಿ ಉದ್ದಕ್ಕೇ ಬಾಯಿ ಬಿಡುತ್ತದೆ. ನಾರನ್ನು ಬಳೆ ತೊಡಿಸಿದ ಹಾಗೆ ಸುತ್ತಲೂ ಹಾಕಬೇಕು. ಉದ್ದುದ್ದಕ್ಕೆ ಅಂಟಿಸಿದ ಟೇಪಿನಿಂದ ಇಲ್ಲಿ ಹೆಚ್ಚೇನೂ ಪ್ರಯೋಜನವಿಲ್ಲ.

ಇದರಲ್ಲೇ ಇನ್ನೊಂದು ಸಂಗತಿ ಇದೆ. ಬಳೆ ಎಷ್ಟೇ ಹಾಕಿದರೂ ಉದ್ದಕ್ಕೆ ಎಳೆಯುವ ಬಲವನ್ನು ಹೊರುವುದು ಅದೇ ಹಳೇ ಪ್ಲಾಸ್ಟಿಕ್. ಆದ್ದರಿಂದ ಬರೀ ಸುತ್ತುನಾರಿನಿಂದ ಗೋಡೆಗೆ ಸಿಗುವ ಬಲ ಹೆಚ್ಚೆಂದರೆ ಎರಡು ಪಟ್ಟು. ಅದರ ಮೇಲೆ ಹತ್ತು ಸುತ್ತು ಹಾಕಿದರೂ ಸುಮ್ನೆ ಭಾರ. ನೇಯ್ದ ಬಟ್ಟೆಯಲ್ಲಿ ಹಾಸೂ ಹೊಕ್ಕೂ ಇರುವುದರಿಂದ ಎರಡೂ ದಿಕ್ಕಿಗೆ ಬಲ ಸಿಗುತ್ತದೆ. ಅದನ್ನು ನಾನು ಇಷ್ಟಪಡುವುದಕ್ಕೆ ಇದು ಇನ್ನೊಂದು ಕಾರಣ.

ಸೀಳು ಉಂಗುರದ ಹಾಗೆ ಅಡ್ಡಕ್ಕೆ ಬಂದಿದ್ದರೆ, ಅದೂ ನಾರು ಮುಗಿಯುವ ಅಂಚಿನಲ್ಲೇ ಬಂದಿದ್ದರೆ, ತಪ್ಪು ಅಂಚಿನದು. ಅಲ್ಲಿಯವರೆಗೆ ಗಟ್ಟಿ, ಅಲ್ಲಿಂದ ಮುಂದೆ ಮೆತ್ತಗೆ. ಒತ್ತಡ ಬಂದಾಗ ಮೆತ್ತಗಿನ ಭಾಗ ಉಬ್ಬುತ್ತದೆ, ಗಟ್ಟಿ ಭಾಗ ಉಬ್ಬುವುದಿಲ್ಲ. ನಡುವಿನ ಗೆರೆಯಲ್ಲಿ ಪ್ಲಾಸ್ಟಿಕ್ ಬಾಗಿ ಬಾಗಿ ಸೋಲುತ್ತದೆ. ಬಟ್ಟೆಯನ್ನು ಒಂದೇ ಕಡೆ ನಿಲ್ಲಿಸಬೇಡಿ. ಮೊದಲ ಸುತ್ತು ಬಾಟಲಿಯ ಭುಜದ ಮೇಲೆ ಎರಡು ಸೆಂಟಿಮೀಟರ್ ಹತ್ತಲಿ, ಎರಡನೆಯದು ಸ್ವಲ್ಪ ಹಿಂದೆಯೇ ನಿಲ್ಲಲಿ. ಬುಡದ ಐದು ದಳಗಳ ನಡುವಿನ ಗುಂಡಿ ಹೊರಗೆ ಉಬ್ಬಿ ಬರುತ್ತಿದ್ದರೆ ಅಷ್ಟು ಒತ್ತಡ ಆ ಬಾಟಲಿಗೆ ಸಲ್ಲದು ಅಂತಲೇ ತಿಳಿಯಿರಿ.

ಬಿಗಿಯಾಗಿ ಕೂತಿದೆಯಾ?

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ನಾನು ನೋಡಿದ ಹುಡುಗರ ರಾಕೆಟ್ಟುಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದು, ಹೊರಗಿನಿಂದ ಇದು ಕಾಣುವುದೂ ಇಲ್ಲ.

ಹಿಂದೆ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಪಟ್ಟಿಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ತೊಡಿಸುತ್ತಿದ್ದರು. ನೀರು ಹಾಕಿದ ತಕ್ಷಣ ಅದು ಕುಗ್ಗಿ ಚಕ್ರವನ್ನು ಕಚ್ಚಿ ಹಿಡಿಯುತ್ತಿತ್ತು. ಸಡಿಲ ಪಟ್ಟಿ ಎಷ್ಟು ದಪ್ಪ ಇದ್ದರೂ ಚಕ್ರವನ್ನು ಕಾಪಾಡುವುದಿಲ್ಲ. ಬಾಟಲಿಗೂ ಅಷ್ಟೇ. ನಾರಿಗೂ ಬಾಟಲಿಗೂ ನಡುವೆ ಸಂದು ಇದ್ದರೆ, ಆ ಸಂದು ತುಂಬುವವರೆಗೆ ಬಾಟಲಿ ಒಂಟಿಯಾಗಿ ಹೋರಾಡುತ್ತದೆ.

ಪರೀಕ್ಷೆ ಹೀಗೆ. ಬಾಟಲಿಯ ತುಂಬ, ಗುಳ್ಳೆ ಉಳಿಯದಂತೆ ನೀರು ತುಂಬಿ. ಲಾಂಚರಿಗೆ ಕೂಡಿಸಿ. ಸುತ್ತಲೂ ಟೈಲರ್ ಟೇಪು ಸುತ್ತಿ, ತುದಿ ಜಾರುವಂತೆ ರಬ್ಬರ್ ಬ್ಯಾಂಡಿನಿಂದ ಹಿಡಿಸಿ. ನೀರು ಕುಗ್ಗುವುದಿಲ್ಲ. ಹಾಗಾಗಿ ಒಡೆದರೂ ಗಾಳಿ ತುಂಬಿದ ಬಾಟಲಿಯಂತೆ ಸಿಡಿಯುವುದಿಲ್ಲ, ಚಿಮ್ಮಿ ನಿಲ್ಲುತ್ತದೆ. ಆದರೂ ದೂರದಲ್ಲೇ ಇರಿ, ಕಣ್ಣಿಗೆ ಕನ್ನಡಕ ಇರಲಿ, ಮೊಬೈಲನ್ನು ಜೂಮ್ ಮಾಡಿ ಟೇಪು ಓದಿ. ಈಗ 20, 40, 60 ಅಂತ ಏರಿಸುತ್ತಾ ಸುತ್ತಳತೆ ಬರೆದುಕೊಳ್ಳಿ.

ನಮ್ಮ ಬರಿ ಬಾಟಲಿ 34.5 ಸೆಂಟಿಮೀಟರ್ ಇದ್ದದ್ದು 60 ಪಿಎಸ್‌ಐಗೆ ಹತ್ತಿರ ಹತ್ತಿರ 35 ಆಯಿತು. ಐದು ಮಿಲಿಮೀಟರಿನಷ್ಟು ಹಿಗ್ಗಿತ್ತು. ನೇಯ್ದ ಬಟ್ಟೆ ಸುತ್ತಿದ ಬಾಟಲಿ ಅದೇ ಒತ್ತಡಕ್ಕೆ ಒಂದು ಮಿಲಿಮೀಟರ್ ಹಿಗ್ಗಿತು. ನಾರು ಭಾರ ಹೊರುತ್ತಿದೆ ಅನ್ನುವುದಕ್ಕೆ ಇದು ಗುರುತು. ಹತ್ತು ಸುತ್ತು ಬ್ರೌನ್ ಟೇಪು ಹಾಕಿದ ಇನ್ನೊಂದು ಬಾಟಲಿ ಮೂರು ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗಿತು. ಆ ಟೇಪು ಬಾಟಲಿಯ ಜೊತೆಗೆ ತಾನೂ ಹಿಗ್ಗುತ್ತದೆ. ಎಲೆಕ್ಟ್ರಿಷಿಯನ್ ಟೇಪಂತೂ ರಬ್ಬರಿನ ಹಾಗೆ, ಅದರಿಂದ ಬಲವೇ ಬರುವುದಿಲ್ಲ. ಟೇಪೇ ಬೇಕು ಅಂದರೆ ಒಳಗೆ ಉದ್ದಕ್ಕೆ ಗಾಜಿನ ಎಳೆ ಇರುವ ಪ್ಯಾಕಿಂಗ್ ಟೇಪು ಹಾಕಿ.

ನಾರು ಸುತ್ತಿದ ಹೊರಮೈ 40ರವರೆಗೆ ಅಲುಗದೆ ಇದ್ದು ಆಮೇಲೆ ಹಿಗ್ಗಲು ಶುರುವಾದರೆ ಒಳಗೆ ಸಂದು ಇದೆ ಅಂತ ಅರ್ಥ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಸಂದು ಇರುವ ಕಡೆ ಟೊಳ್ಳು ಸದ್ದು ಬರುತ್ತದೆ. ಸುತ್ತುವಾಗ ಬಾಟಲಿ ಮೆತ್ತಗೆ ಅದುಮಿಹೋಗುವುದೇ ಇದಕ್ಕೆ ಕಾರಣ. ಮುಚ್ಚಳಕ್ಕೆ ವಾಲ್ವ್ ಕೂಡಿಸಿ ಸುಮಾರು 5 ಪಿಎಸ್‌ಐ ಗಾಳಿ ತುಂಬಿ, ಮೈ ಬಿರುಸಾದ ಮೇಲೆ ಸುತ್ತಿ. ಅದಕ್ಕಿಂತ ಜಾಸ್ತಿ ತುಂಬಬೇಡಿ. ಗಾಳಿ ಬಿಟ್ಟಾಗ ಬಾಟಲಿ ಒಳಕ್ಕೆ ಕುಗ್ಗಿ ನೀವೇ ಸಂದು ಮಾಡಿದ ಹಾಗಾಗುತ್ತದೆ.

ಅಂಟು, ಬಿಸಿ, ಗೀರು

ಬಾಟಲಿಯ ಪ್ಲಾಸ್ಟಿಕ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಹಾಟ್ ಗ್ಲೂ ಗನ್ನಿನ ಅಂಟು ಅದಕ್ಕಿಂತ ಬಿಸಿ. ರೆಕ್ಕೆ ಅಂಟಿಸಿದ ಜಾಗದಲ್ಲೇ ಬಾಟಲಿ ಸುಕ್ಕಾಗಿದ್ದರೆ ಕಾರಣ ಅದು. ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಒಂದೇ ಲೋಟದಲ್ಲಿ ತುಂಬ ಕಲಸಿದರೂ ಲೋಟ ಸುಡುವಷ್ಟು ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ತೆಳ್ಳಗೆ ಹಚ್ಚಿ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಬೇಡವೇ ಬೇಡ, ಅದು ತಾಗಿದ ಕಡೆ ಬಾಟಲಿ ಪೆಡಸಾಗಿ ಬಿರುಕು ಬಿಡುತ್ತದೆ. ಅಂಟು ಹಿಡಿಯಲಿ ಅಂತ ಒರಟು ಉಪ್ಪು ಕಾಗದದಿಂದ ಜೋರಾಗಿ ಉಜ್ಜಿದರೆ ಗೋಡೆಗೆ ಗೀರು ಬೀಳುತ್ತದೆ, ಸೀಳು ಆ ಗೀರಿನಿಂದಲೇ ಶುರುವಾಗುತ್ತದೆ. ನಯ ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು.

ರಾಕೆಟ್ ಪಲ್ಟಿ ಹೊಡೆದರೆ

ನೆಟ್ಟಗೆ ಎದ್ದು, ಹತ್ತು ಹದಿನೈದು ಮೀಟರ್ ಏರಿದ ಮೇಲೆ ಲಾಗ ಹಾಕುತ್ತದೆಯಾ? ಹಾಗಾದರೆ ಒತ್ತಡ, ಬಲ ಎಲ್ಲ ಸರಿ ಇದೆ, ತೂಕ ತಪ್ಪು ಜಾಗದಲ್ಲಿದೆ. ಬಾಯಿಯ ಕಡೆಗೆ, ಅಂದರೆ ರಾಕೆಟ್ಟಿನ ಹಿಂಭಾಗಕ್ಕೆ ನಾರೂ ರೆಸಿನ್ನೂ ಜಾಸ್ತಿ ಬಿದ್ದರೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಬರಿ ಬಾಟಲಿಯಲ್ಲಿ ಚೆನ್ನಾಗಿ ಹಾರಿದ ರೆಕ್ಕೆಗಳು ಆಗ ಸಾಲದೇ ಹೋಗುತ್ತವೆ.

ನೀರಿಲ್ಲದ ರಾಕೆಟ್ಟನ್ನು ಬೆರಳ ಮೇಲೆ ತೂಗಿ, ಸಮವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ. ಎರಡು ಮೂರು ಮೀಟರ್ ದಾರ ಬಿಟ್ಟು ತಲೆಯ ಸುತ್ತ ಬೀಸಿ. ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ಸರಿ. ಅಡ್ಡಡ್ಡ ತಿರುಗಿದರೆ, ಹಿಮ್ಮುಖವಾದರೆ ಹಾರಿಸಬೇಡಿ. ರಟ್ಟಿನಲ್ಲಿ ರಾಕೆಟ್ಟಿನ ನೆರಳಿನಾಕಾರ ಕತ್ತರಿಸಿ ಅದು ಎಲ್ಲಿ ತೂಗುತ್ತದೆ ಅಂತಲೂ ನೋಡಬಹುದು. ನಿಜವಾದ ರಾಕೆಟ್ ತೂಗುವ ಜಾಗ ಅದಕ್ಕಿಂತ ಒಂದು ಬಾಟಲಿ ಅಗಲದಷ್ಟು, ಅಂದರೆ ಸುಮಾರು 11 ಸೆಂಟಿಮೀಟರ್, ಮೂತಿಯ ಕಡೆಗೆ ಇರಬೇಕು. ಇಲ್ಲದಿದ್ದರೆ ಮೊದಲು ರೆಕ್ಕೆ ದೊಡ್ಡದು ಮಾಡಿ. ಮೂತಿಗೆ ಮಣ್ಣು ತುಂಬುವುದು ಕೊನೆಯ ಉಪಾಯ, ಈಗಾಗಲೇ ಭಾರ ಸೇರಿಸಿದ್ದೇವಲ್ಲ.

ಇವೆಲ್ಲ ಸರಿ ಇದ್ದರೆ ನೀರು ನೋಡಿ. ಎರಡು ಲೀಟರಿಗೆ 600ರಿಂದ 700 ಮಿಲಿಲೀಟರ್ ಸರಿಹೊಂದುತ್ತದೆ. ಮೇಲೆ ಹೋದ ಮೇಲೂ ರಾಕೆಟ್ಟಿನಿಂದ ನೀರು ಸುರಿಯುತ್ತಿದ್ದರೆ ನೀರು ಜಾಸ್ತಿ ಆಗಿದೆ, ಇಲ್ಲವೇ ಒತ್ತಡ ಕಡಿಮೆ ಆಗಿದೆ. ಬಾಯಿಯ ರಬ್ಬರ್ ವಾಷರ್ ಸವೆದಿದ್ದರೆ ಪಂಪು ಹೊಡೆಯುವುದು ನಿಲ್ಲಿಸಿದ ತಕ್ಷಣ ಗೇಜಿನ ಮುಳ್ಳು ಇಳಿಯುತ್ತದೆ, ಬದಲಾಯಿಸಿ.

ಒತ್ತಡ ಏರಿಸುವ ಮೊದಲು

ಹೊಸ ಸೋಡಾ ಬಾಟಲಿ ಒಡೆಯುವುದು ಸುಮಾರು 150 ಪಿಎಸ್‌ಐ ಆಸುಪಾಸಿನಲ್ಲಿ. ಬಿಸಿಲಿಗೆ ಬಿದ್ದಿದ್ದ, ಗೀರಿದ, ಹಳೇ ಬಾಟಲಿಗೆ ಆ ಲೆಕ್ಕ ಇಲ್ಲ. ಮಕ್ಕಳ ಜೊತೆ ಬರಿ ಬಾಟಲಿಯನ್ನು 60 ದಾಟಿಸುವುದಿಲ್ಲ ಅಂತ ನಾನು ನಿಯಮ ಮಾಡಿಕೊಂಡಿದ್ದೇನೆ. ನಾರು ಸುತ್ತಿದ್ದನ್ನು ಎಷ್ಟಕ್ಕೆ ಹಾರಿಸಬೇಕೋ ಅದರ ಒಂದೂವರೆಯಷ್ಟಕ್ಕೆ ಮೊದಲು ನೀರು ತುಂಬಿಸಿಯೇ ಪರೀಕ್ಷೆ ಮಾಡುತ್ತೇವೆ. ನೂರಕ್ಕೆ ಹಾರಿಸಬೇಕಾದರೆ ನೂರೈವತ್ತಕ್ಕೆ ನಿಲ್ಲಬೇಕು. ಹಾರಿಸುವಾಗ ಹತ್ತು ಮೀಟರಿಗೂ ಹೆಚ್ಚು ದೂರದಿಂದ ದಾರ ಎಳೆಯುತ್ತೇವೆ. ಒತ್ತಡ ತುಂಬಿದ ರಾಕೆಟ್ಟಿನ ಹತ್ತಿರ ಯಾರೂ ಹೋಗುವ ಹಾಗಿಲ್ಲ. ಅದು ಸಿಕ್ಕಿಕೊಂಡರೆ ಲಾಂಚರಿನ ವಾಲ್ವಿನಿಂದ ದೂರದಿಂದಲೇ ಗಾಳಿ ಇಳಿಸಬೇಕು. ಕರೆಂಟ್ ಕಂಬದ ಸಾಲು, ರಸ್ತೆ ಹತ್ತಿರ ಬೇಡ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಗಂತೂ ಹೋಗಬೇಡಿ.

ಎರಡನೇ ಬಾಟಲಿ ನೀರಿನ ಪರೀಕ್ಷೆ ದಾಟಿತು. 60ಕ್ಕೆ ಹಾರಿಸಿದಾಗ ಅದೂ ಬರಿ ಬಾಟಲಿಗಿಂತ ಕೆಳಗೇ ಉಳಿಯಿತು, ಅದು ಸಹಜ. 80ಕ್ಕೆ ಬರಿ ಬಾಟಲಿಯ ಸಮಕ್ಕೆ ಬಂತು. 100 ಪಿಎಸ್‌ಐಗೆ 7.5 ಸೆಕೆಂಡ್, ನಮ್ಮ ಲೆಕ್ಕದಲ್ಲಿ 67 ಮೀಟರ್. ಅದು ಗದ್ದೆಯ ಆಚೆ ಬದುವಿನ ಹತ್ತಿರ ಬಿದ್ದಾಗ ಹುಡುಗ ಓಡಿಹೋಗಿ ಎತ್ತಿಕೊಂಡು ಬಂದ, ಬರುತ್ತಲೇ ಬಾಟಲಿ ತಿರುಗಿಸಿ ಅಂಚು ನೋಡಿದ.

ಆ ಅಂಚನ್ನು ಪ್ರತಿ ಸಲವೂ ನೋಡಬೇಕು. ಪ್ಲಾಸ್ಟಿಕ್ ಬೆಳ್ಳಗೆ ಮಂಜು ಕಟ್ಟಿದ ಹಾಗಾಗಿದ್ದರೆ, ಸುತ್ತಳತೆ ಒತ್ತಡ ಇಲ್ಲದಾಗಲೂ ಮೊದಲಿಗಿಂತ ಹೆಚ್ಚಿದ್ದರೆ, ಬಿದ್ದ ಏಟಿಗೆ ನಾರು ಮಡಚಿ ಬಿಳಿ ಗೆರೆ ಬಿದ್ದಿದ್ದರೆ ಆ ಬಾಟಲಿಯ ಆಯಸ್ಸು ಮುಗಿಯಿತು. ನಾವು ಪ್ರತಿ ಹಾರಾಟಕ್ಕೂ ಮಾರ್ಕರ್ ಪೆನ್ನಿನಲ್ಲಿ ಬಾಟಲಿಯ ಭುಜದ ಮೇಲೆ ಒಂದು ಗೆರೆ ಎಳೆಯುತ್ತೇವೆ. ಹದಿನೈದು ಗೆರೆಯಾದರೆ, ಎಷ್ಟೇ ಚೆನ್ನಾಗಿ ಕಂಡರೂ, ಕತ್ತರಿಸಿ ಒಳಗಿನ ಮೈ ನೋಡುತ್ತೇವೆ. ಈಗಿನದರ ಮೇಲೆ ಹನ್ನೊಂದು ಗೆರೆ ಇದೆ.